ಮುಷ್ಟಿಯಲ್ಲಿ ಅಡಗುವ ಫೋನು

"ಇವೆರಡ್ರಲ್ಲಿ ಯಾವ್ದು ಬಿದ್ರೂ ಒಡೆಯಲ್ಲ?"

ಪೂರ್ಣೇಶ್ ತಲೆಯೆತ್ತಿ ನಕ್ಕ. ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನ ಪಕ್ಕದ ಅವನ 'ಬಿಂದು ಮೊಬೈಲ್ಸ್' ಅಂಗಡಿಗೆ ಬರುವವರು ಮೊದಲು ಕ್ಯಾಮೆರಾ ಕೇಳುತ್ತಾರೆ, ಆಮೇಲೆ ಬ್ಯಾಟರಿ ಕೇಳುತ್ತಾರೆ. ಬಂದ ತಕ್ಷಣ ಬೀಳುವ ಮಾತಾಡಿದವಳು ಇವಳೊಬ್ಬಳೇ.

"ಎಷ್ಟೆತ್ತರದಿಂದ ಬೀಳತ್ತೆ ಮೇಡಂ?"

"ಬೀಳಲ್ಲ. ಗೋಡೆಗೆ ಎಸೀತಾರೆ."

ಅವನ ನಗು ಅಲ್ಲೇ ನಿಂತಿತು. ಆಗಲೇ ಅವನು ಅವಳನ್ನು ಸರಿಯಾಗಿ ನೋಡಿದ್ದು. ಕೆಳತುಟಿ ಒಡೆದು ಕಪ್ಪುಗಟ್ಟಿತ್ತು. ಕೆನ್ನೆಯ ಮೇಲಿನ ಬಾವನ್ನು ದುಪಟ್ಟಾ ಎಷ್ಟು ಎಳೆದರೂ ಮುಚ್ಚುತ್ತಿರಲಿಲ್ಲ. ಆದರೂ ಕಣ್ಣಲ್ಲಿ ನೀರಿಲ್ಲ... ಒಂದು ಹಟವಿತ್ತು!

ಅವಳ ಹೆಸರು ದೀಪಶ್ರೀ. ಕವಲೇದುರ್ಗದ ಕೋಟೆಯ ಕೆಳಗಿನ ಊರು. ನರ್ಸಿಂಗ್ ಮುಗಿಸಿ, ಯಾರಿಗೂ ಹೇಳದೆ ಸಾಗರದ ಒಂದು ಆಸ್ಪತ್ರೆಗೆ ಹೋಗಿ ಇಂಟರ್‌ವ್ಯೂ ಕೊಟ್ಟು ಬಂದಿದ್ದಳು. ನಿಮ್ಮದೊಂದು ನಂಬರ್ ತಿಳಿಸಿ, ಕೆಲಸ ಸಿಕ್ಕರೆ ಫೋನ್ ಮಾಡುತ್ತೇವೆ ಎಂದಿದ್ದರು. ಆ ಕರೆ ಬಂದರೆ ಅವಳು ಬದುಕಿಕೊಂಡಳು, ಇಲ್ಲದಿದ್ದರೆ ಅಣ್ಣ ತೀರ್ಥೇಶನ ಕೈಯೇ ಗತಿ.

ಪೂರ್ಣೇಶ್ ಗಾಜಿನ ಮೇಲಿದ್ದ ದೊಡ್ಡ ಫೋನನ್ನು ಅವಳತ್ತ ಸರಿಸಿದ. "ಈಗೆಲ್ಲ ದೊಡ್ಡ ಸ್ಕ್ರೀನೇ ತಗೊಳ್ಳೋದು ಮೇಡಂ."

"ದೊಡ್ಡದು ನಮ್ಮನೇಲಿದೆ. ಜಗಲಿ ಕಿಟಕಿ ಮೇಲೆ ಇಟ್ಟಿರ್ತಾರೆ, ಅಲ್ಲಿ ಮಾತ್ರ ಸಿಗ್ನಲ್ಲು. ಅಣ್ಣಯ್ಯ ಲಾಕ್ ತೆಗೆದು ಕೊಟ್ರೆ ಅವನೆದುರಿಗೇ ಮಾತಾಡ್ಬೇಕು."

ಅವಳು ಪಕ್ಕದಲ್ಲಿದ್ದ ಪುಟ್ಟ ಕೀಪ್ಯಾಡ್ ಸೆಟ್ಟನ್ನು ಎತ್ತಿಕೊಂಡಳು. ಬೆರಳು ಮಡಚಿ ಮುಷ್ಟಿ ಕಟ್ಟಿದಳು. ಫೋನು ಪೂರ್ತಿ ಮರೆಯಾಯಿತು.

"ಇದನ್ನೇ ಕೊಡಿ."

ಅವನು ಸಿಮ್ ಹಾಕಿ, ರೂಢಿಯಂತೆ ಅಂಗಡಿಯ ನಂಬರನ್ನೂ ಸೇವ್ ಮಾಡಿ ಕೊಟ್ಟ. ಇನ್ನೊಂದು ರೂಢಿಯೂ ಇತ್ತು. ಫೋನ್ ಕೊಂಡ ಪ್ರತಿಯೊಬ್ಬರ ಫೋಟೋ ತೆಗೆದು ಅಂಗಡಿಯ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವುದು. ಆ ಊರಲ್ಲಿ ಜನ ಅದನ್ನು ಕೇಳಿ ಹಾಕಿಸಿಕೊಳ್ಳುತ್ತಾರೆ!

"ಒಂದು ಫೋಟೋ..."

"ಅಯ್ಯೋ, ಮುಖ ಬೇಡ!"

"ಸರಿ ಮಾರಾಯ್ರೆ, ಕೈ ಮಾತ್ರ. ಫೋನ್ ಹಿಡ್ಕೊಂಡಿರೋ ಕೈ."

ಅವಳು ಸ್ವಲ್ಪ ಯೋಚಿಸಿ ಕೈ ಚಾಚಿದಳು. ತುಟಿಯ ನೋವಿನಲ್ಲೂ ಅವಳಿಗೆ ನಗು ಬಂದಿತ್ತು. ಆ ನಗು ಪೂರ್ಣೇಶನ ಎದೆಯಲ್ಲಿ ಉಳಿದುಬಿಟ್ಟಿತು.

ಫೋನು ಹುರುಳಿ ಡಬ್ಬಿಯೊಳಗೆ ಸೇರಿತು. ಸಂಜೆ ಕೊಟ್ಟಿಗೆಗೆ ಸೊಪ್ಪು ತರುವ ನೆವದಲ್ಲಿ ದೀಪಶ್ರೀ ಕೋಟೆಯ ಬಾಗಿಲವರೆಗೆ ಹತ್ತುತ್ತಿದ್ದಳು. ಅಲ್ಲಿ ಸಿಗ್ನಲ್ ಸಿಗುತ್ತಿತ್ತು. ಸಾಗರದ ಕರೆ ಬಂದಿರಲಿಲ್ಲ. ಫೋನಿನಲ್ಲಿದ್ದದ್ದು ಒಂದೇ ನಂಬರು.

"ಫೋನ್ ಸರಿಯಾಗಿದ್ಯಾ ಅಂತ ಟೆಸ್ಟ್ ಮಾಡ್ದೆ," ಎಂದಳು ಮೊದಲ ದಿನ.

"ಸರಿಯಾಗಿದೆ. ನಾಳೆನೂ ಟೆಸ್ಟ್ ಮಾಡಿ," ಎಂದ ಅವನು.

ಮಾರನೆಯ ದಿನವೂ ಟೆಸ್ಟ್ ಆಯಿತು. ಅದರ ಮಾರನೆಯ ದಿನವೂ. ಪಾಪ, ಅಷ್ಟು ಟೆಸ್ಟು ಕಂಪನಿಯವರೂ ಮಾಡಿರಲಿಕ್ಕಿಲ್ಲ!

ಅವನು ಅವಳ ನೋವನ್ನು ಕೆದಕಿ ಕೇಳುತ್ತಿರಲಿಲ್ಲ. ಆದರೆ ಒಂದು ಸಂಜೆ ಅವನೇ ಹೇಳಿದ, "ದೀಪಶ್ರೀ, ಒಂದು ನೆನಪಿಟ್ಕೊಳ್ಳಿ. ನಿಮ್ಮನೆ ಫೋನಿಗೆ ಎಂಥ ಲಾಕ್ ಇದ್ರೂ 112ಕ್ಕೆ ಕರೆ ಹೋಗತ್ತೆ. ಕೆಳಗಡೆ ಎಮರ್ಜೆನ್ಸಿ ಅಂತಿರತ್ತೆ, ಅದನ್ನ ಒತ್ತಿ."

"ಅಣ್ಣನ ಮೇಲೆ ಪೊಲೀಸ್ ಕರೆಯೋದಾ... ಛೆ!"

"ಕರೀಬೇಡಿ. ಗೊತ್ತಿರ್ಲಿ ಅಷ್ಟೇ."

ಆಮೇಲೆ, "ಆ ದೊಡ್ಡ ಫೋನು ನಿಮಗೇ ಅಂತ ಎತ್ತಿಟ್ಟಿದೀನಿ. ಕೋಪ ಮಾಡ್ಕೊಳ್ಳಲ್ಲ ಅಂದ್ರೆ ಇನ್ನೊಂದು ಮಾತು..." ಎಂದ.

ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು. 'ಹೇಳು... ಬೇಡ, ಹೇಳಬೇಡ... ಈ ಊರಲ್ಲಿ ನಿಂತು ಅದನ್ನ ಕೇಳೋಕೆ ನಂಗೆ ಭಯ!'

"ಈಗ ಬೇಡ ಪೂರ್ಣೇಶ್. ನಾನು ಸಾಗರಕ್ಕೆ ಹೋದ್ಮೇಲೆ ಹೇಳಿ."

ದೀಪಾವಳಿಯ ಹೊತ್ತಿಗೆ ಸಾಗರದಿಂದ ಕರೆ ಬಂದೇ ಬಂತು. ಸೋಮವಾರ ಬಂದು ಸೇರಿಕೊಳ್ಳಿ ಎಂದರು. ದೀಪಶ್ರೀ ಕೋಟೆ ಬಾಗಿಲಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು, ಸಂತೋಷಕ್ಕೆ.

ಅದೇ ದಿನ ಪೂರ್ಣೇಶ್ ಹಬ್ಬದ ಆಫರ್ ಎಂದು ಹಳೆಯ ಗಿರಾಕಿಗಳ ಫೋಟೋಗಳನ್ನೆಲ್ಲ ಜೋಡಿಸಿ ಸ್ಟೇಟಸ್ ಹಾಕಿದ. ಎಲ್ಲರ ನಡುವೆ, ಅಷ್ಟು ದಿನ ತನ್ನಲ್ಲೇ ಇಟ್ಟುಕೊಂಡಿದ್ದ ಅವಳ ಕೈಯ ಫೋಟೋ. ಮುಖವಿಲ್ಲ, ಹೆಸರಿಲ್ಲ, ಯಾರಿಗೆ ಗೊತ್ತಾಗತ್ತೆ ಎಂದುಕೊಂಡ. ಪ್ರೀತಿಯಲ್ಲಿ ಬಿದ್ದ ಗಂಡಸಿನ ಬುದ್ಧಿ ನೋಡಿ! ಆ ಮಣಿಕಟ್ಟಿನ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿಯಷ್ಟೇ ಚೂಪಾದ ಒಂದು ಸುಟ್ಟ ಕಲೆಯಿತ್ತು. ಅದನ್ನು ಅವನು ನೋಡಿಯೂ ನೋಡಿರಲಿಲ್ಲ.

ಮಾರನೆಯ ಬೆಳಿಗ್ಗೆ ದೀಪಶ್ರೀ ಅಡುಗೆಮನೆಯಲ್ಲಿ ಕಡುಬಿಗೆ ಹಿಟ್ಟು ಕಲಸುತ್ತಿದ್ದಳು. ತೀರ್ಥೇಶ್ ಒಳಗೆ ಬಂದ. ಕೈಯಲ್ಲಿ ಮನೆಯ ದೊಡ್ಡ ಫೋನು.

"ಇದು ಯಾರ ಕೈಯೇ?"

ಅವನು ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದ. ಸುಟ್ಟ ಕಲೆ ಸ್ಕ್ರೀನ್ ತುಂಬ ಹರಡಿತು.

"ದೊಡ್ಡ ಫೋನಲ್ವಾ... ಚೆನ್ನಾಗಿ ಕಾಣತ್ತೆ."

ಮುಂದಿನ ಕ್ಷಣ ಅವನ ಅಂಗೈ ಅವಳ ಕೆನ್ನೆಗೆ ಅಪ್ಪಳಿಸಿತು. ಅವಳು ಗೋಡೆಗೆ ಬಡಿದು ಬಿದ್ದಳು. ಜಡೆ ಹಿಡಿದು ಎಬ್ಬಿಸಿ ಮತ್ತೆ ಹೊಡೆದ. "ಎಲ್ಲಿಟ್ಟಿದೀಯ? ಬೊಗಳು!" ಡಬ್ಬಿಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ಹುರುಳಿಯ ಜೊತೆ ಪುಟ್ಟ ಫೋನೂ ಉರುಳಿ ಬಂತು.

ಅವನಿಗಿಂತ ಮೊದಲು ಅವಳು ಅದನ್ನು ಬಾಚಿ ಮುಷ್ಟಿ ಕಟ್ಟಿದಳು.

"ಬಿಡು ಅದನ್ನ!"

"ಬಿಡಲ್ಲ ಅಣ್ಣಯ್ಯ... ಕೊಂದ್ರೂ ಬಿಡಲ್ಲ!"

ತೀರ್ಥೇಶ್ ಮೂಲೆಯ ಒನಕೆ ಎತ್ತಿಕೊಂಡ. ಅವಳ ಕೈಯನ್ನು ನೆಲಕ್ಕೆ ತುಳಿದು ಹಿಡಿದು ಮುಷ್ಟಿಯ ಮೇಲೆ ಕುಕ್ಕಿದ. ಒಮ್ಮೆ. ಮತ್ತೊಮ್ಮೆ. ಅವಳ ಕೂಗಿಗೆ ಕೊಟ್ಟಿಗೆಯ ದನಗಳು ಬೆದರಿ ಎದ್ದವು. ಮುಷ್ಟಿ ತಾನಾಗಿ ಬಿಚ್ಚಿಕೊಂಡಿತು. ಫೋನು ಒಡೆದಿರಲಿಲ್ಲ, ಬೆರಳುಗಳು ಮುರಿದಿದ್ದವು.

ಅವನು ಫೋನನ್ನು ಕಿಟಕಿಯಿಂದ ಬಾವಿಗೆ ಎಸೆದ.

"ಯಾರನ್ನ ನಂಬಿದ್ಯೇ? ನಿನ್ನ ಅಂಗಡಿಯವನೇ ನಂಗೆ ತೋರ್ಸಿದ್ದು!"

ಆ ಮಾತು ಒನಕೆಗಿಂತ ಜೋರಾಗಿ ಬಿತ್ತು. 'ಪೂರ್ಣೇಶ್...? ನಂಗೋಸ್ಕರ ಫೋನ್ ಎತ್ತಿಟ್ಟವನು... ಇವನಿಗೆ ನನ್ನ ಕೈ ತೋರಿಸಿದ್ನಾ?' ಸೌದೆ ಕೋಣೆಗೆ ಅವಳನ್ನು ತಳ್ಳಿ ಹೊರಗಿನಿಂದ ಚಿಲಕ ಹಾಕಿದಾಗಲೂ ಅವಳಿಗೆ ಅದೊಂದೇ ಕೇಳಿಸುತ್ತಿತ್ತು.

ಅಂಗಡಿಯಲ್ಲಿ ಪೂರ್ಣೇಶ್ ತನ್ನ ಸ್ಟೇಟಸ್ ಯಾರು ಯಾರು ನೋಡಿದರೆಂದು ಕಣ್ಣಾಡಿಸುತ್ತಿದ್ದ. ಒಂದು ಹೆಸರಿನ ಮೇಲೆ ಕಣ್ಣು ನಿಂತಿತು. 'ತೀರ್ಥೇಶ್ ಕವಲೇದುರ್ಗ'. ಹೋದ ವರ್ಷ ಇಲ್ಲಿಂದಲೇ ದೊಡ್ಡ ಫೋನ್ ಕೊಂಡವನು. ಅಣ್ಣನ ಹೆಸರು ಅವಳ ಬಾಯಲ್ಲಿ ಕೇಳಿದ್ದ, ಇವನೇ ಅವನೆಂದು ಹೊಳೆದಿರಲಿಲ್ಲ. ಅವಳ ನಂಬರಿಗೆ ಫೋನ್ ಮಾಡಿದ. ಸ್ವಿಚ್ ಆಫ್!

ಶಟರ್ ಎಳೆಯದೆಯೇ ಅವನು ಬೈಕ್ ಹತ್ತಿದ.

ಅಂಗಳದಲ್ಲಿ ಬೈಕ್ ನಿಲ್ಲಿಸುವುದಕ್ಕೂ ತೀರ್ಥೇಶ್ ಒನಕೆ ಹಿಡಿದು ಜಗಲಿ ಇಳಿಯುವುದಕ್ಕೂ ಸರಿಹೋಯಿತು.

"ದೀಪಶ್ರೀ ಎಲ್ಲಿ?"

ಉತ್ತರವಾಗಿ ಒನಕೆ ಬೀಸಿ ಬಂತು. ಹಣೆ ಸೀಳಿ ರಕ್ತ ಚಿಮ್ಮಿತು. ಪೂರ್ಣೇಶ್ ಮಂಡಿಯೂರಿ ಬಿದ್ದ, ಎದ್ದ, ಮತ್ತೆ ಹೊಡೆತ ತಿಂದು ಬಿದ್ದ. ಒಳಗೆ ತಾಯಿ ತುಂಗಮ್ಮ ನಡುಗುತ್ತ ನಿಂತಿದ್ದಳು. ಗಂಡ ಸತ್ತ ಮೇಲೆ ಮಗನೆದುರು ತುಟಿ ಬಿಚ್ಚದ ಹೆಂಗಸು. ಈಗಲೂ ಬಿಚ್ಚಲಿಲ್ಲ. ಹೋಗಿ ಸೌದೆ ಕೋಣೆಯ ಚಿಲಕ ತೆಗೆದಳು.

ದೀಪಶ್ರೀ ಓಡಿ ಜಗಲಿಗೆ ಬಂದಳು. ಅಂಗಳದಲ್ಲಿ ರಕ್ತ. ಕಿಟಕಿಯ ಮೇಲೆ ದೊಡ್ಡ ಫೋನು. ಎಡಗೈಯಲ್ಲಿ ಎತ್ತಿಕೊಂಡಳು. ಲಾಕ್! 'ಕೆಳಗಡೆ ಎಮರ್ಜೆನ್ಸಿ ಅಂತಿರತ್ತೆ...' ಹೆಬ್ಬೆರಳಿನಿಂದ ಒತ್ತಿದಳು. ಒಂದು, ಒಂದು, ಎರಡು.

"ಹಲೋ... ಕವಲೇದುರ್ಗದಿಂದ. ನಮ್ಮಣ್ಣ ನನ್ನ ಕೈ ಮುರಿದಿದಾನೆ. ಇಲ್ಲೊಬ್ರನ್ನ ಸಾಯಿಸ್ತಿದಾನೆ... ಬೇಗ ಬನ್ನಿ!"

ತೀರ್ಥೇಶ್ ತಿರುಗಿದ. ಒನಕೆ ಹಿಡಿದು ಅವಳತ್ತ ನುಗ್ಗಿದ. ಪೂರ್ಣೇಶ್ ಬಿದ್ದಲ್ಲಿಂದಲೇ ಅವನ ಕಾಲು ಹಿಡಿದ. ಮುಖಕ್ಕೆ ಒದೆ ಬಿದ್ದರೂ ಬಿಡಲಿಲ್ಲ.

"ಹೊಡಿ!" ಕಿರುಚಿದಳು ದೀಪಶ್ರೀ, ಫೋನನ್ನು ಅಣ್ಣನ ಕಡೆ ಚಾಚಿ. "ಕಟ್ ಮಾಡಿಲ್ಲ. ಎಲ್ಲಾ ಕೇಳ್ತಿದೆ ಅವ್ರಿಗೆ!"

ಅವನು ತಡೆದು ನಿಂತ. ಅಷ್ಟರಲ್ಲಿ ತುಂಗಮ್ಮ ನಡುವೆ ಬಂದಿದ್ದಳು. "ಇನ್ನು ಹೊಡೆಯೋದಿದ್ರೆ ನಂಗೆ ಹೊಡಿ ಮಗ," ಎಂದಳು, ಅಷ್ಟೂ ವರ್ಷ ಒಳಗಿಟ್ಟುಕೊಂಡ ದನಿಯಲ್ಲಿ. ಅಕ್ಕಪಕ್ಕದವರು ಅಂಗಳಕ್ಕೆ ಬಂದು ಅವನ ಕೈಯಿಂದ ಒನಕೆ ಕಿತ್ತುಕೊಂಡರು.

ಪೊಲೀಸ್ ಜೀಪು ಬಂದು ತೀರ್ಥೇಶನನ್ನು ಕರೆದೊಯ್ದ ಮೇಲೆ ದೀಪಶ್ರೀ ಪೂರ್ಣೇಶನ ಎದುರು ನಿಂತಳು. ಅವನ ಹಣೆಗೆ ಒತ್ತಿ ಹಿಡಿದಿದ್ದ ಟವೆಲ್ ಕೆಂಪಾಗಿತ್ತು. ಆ ಗಾಯಕ್ಕೆ ತಾನೇ ಕಟ್ಟು ಹಾಕಬೇಕೆಂದು ಅವಳ ಜೀವ ಎಳೆಯುತ್ತಿತ್ತು. ಆದರೂ ಕೇಳಿದಳು.

"ನನ್ನ ಕೈ ಫೋಟೋ ಅಣ್ಣಯ್ಯನಿಗೆ ತೋರ್ಸಿದ್ದು ನೀವೇನಾ?"

ಅವನು ಕಣ್ಣು ತಗ್ಗಿಸಿದ. "ಹೌದು. ನಾನೇ..."

"ಸಾಕು!" ಮುಂದಿನದು ಅವಳು ಕೇಳಲಿಲ್ಲ. "ಇನ್ನು ನನ್ನ ಕಣ್ಮುಂದೆ ಬರ್ಬೇಡಿ."

ಅವನು ಬರಲಿಲ್ಲ.

ಸಾಗರದ ಆಸ್ಪತ್ರೆಯವರು ಅವಳ ಕೈಯ ಪ್ಲಾಸ್ಟರ್ ಬಿಚ್ಚುವವರೆಗೆ ಕಾದರು. ತುಂಗಮ್ಮ ಹೊಸನಗರದ ತಮ್ಮನ ಮನೆ ಸೇರಿಕೊಂಡಳು. ದೀಪಶ್ರೀ ಕೆಲಸ ಕಲಿತಳು, ಹಾಸ್ಟೆಲಿನಲ್ಲಿ ನಿಶ್ಚಿಂತೆಯಿಂದ ಮಲಗುವುದನ್ನೂ ಕಲಿತಳು. ಆದರೆ ಫೋನ್ ಕೊಳ್ಳಲಿಲ್ಲ. ಮೊಬೈಲ್ ಅಂಗಡಿ ಕಂಡರೆ ರಸ್ತೆಯ ಆಚೆ ಬದಿಗೆ ದಾಟಿ ಹೋಗುತ್ತಿದ್ದಳು. 'ಯಾಕೆ ಹೀಗೆ ಮಾಡ್ದೆ ಪೂರ್ಣೇಶ್... ಹೊಡೆತ ತಿನ್ನೋಕೆ ಯಾಕೆ ಬಂದೆ?'

ಕೇಸಿನ ದಿನ ತೀರ್ಥಹಳ್ಳಿ ಕೋರ್ಟಿನ ವರಾಂಡದಲ್ಲಿ ಪೊಲೀಸರ ನಡುವೆ ತೀರ್ಥೇಶ್ ಎದುರಾದ. ಅಲ್ಲೂ ಹಲ್ಲು ಕಿರಿದ.

"ನಿನ್ನ ಅಂಗಡಿಯವನು ಶುದ್ಧ ದಡ್ಡ ಕಣೇ. ಊರಿಗೆಲ್ಲ ಸ್ಟೇಟಸ್ ಹಾಕೋವಾಗ ನಿನ್ನದನ್ನೂ ಹಾಕ್ದ. ಬರೀ ಕೈ, ಯಾರಿಗೆ ಗೊತ್ತಾಗತ್ತೆ ಅಂತ. ನಾನು ಸುಟ್ಟ ಗಾಯ ನಂಗೆ ಗುರುತು ಸಿಗಲ್ವಾ?"

ದೀಪಶ್ರೀ ನಿಂತಲ್ಲೇ ನಿಂತಳು. ಕೈ ಮಾತ್ರ. ಅದಕ್ಕೆ ಒಪ್ಪಿ ನಗುತ್ತ ಕೈ ಚಾಚಿದ್ದು ತಾನೇ! ಅವನು ತನ್ನನ್ನು ಮಾರಿರಲಿಲ್ಲ... ಮಾತು ಮುಗಿಸಲೂ ತಾನು ಬಿಟ್ಟಿರಲಿಲ್ಲ.

ಬಸ್ ಸ್ಟ್ಯಾಂಡಿನವರೆಗೆ ಅವಳು ಓಡುತ್ತಲೇ ಬಂದಳು.

'ಬಿಂದು ಮೊಬೈಲ್ಸ್' ಗೋಡೆಯ ಮೇಲೆ ಹೊಸ ಬೋರ್ಡಿತ್ತು. 'ಇಲ್ಲಿ ಗ್ರಾಹಕರ ಫೋಟೋ ತೆಗೆಯುವುದಿಲ್ಲ.' ಷೋಕೇಸಿನಲ್ಲಿ ಆ ದೊಡ್ಡ ಫೋನು ಹಾಗೇ ಇತ್ತು. ಕೌಂಟರಿನ ಹಿಂದೆ ಪೂರ್ಣೇಶ್. ಹಣೆಯ ಮೇಲೆ ಹೊಲಿಗೆಯ ಗೆರೆ.

ಅವಳನ್ನು ಕಂಡು ಅವನು ಎದ್ದು ನಿಂತ.

"ಆವತ್ತು ನೀವು ಹೇಳೋದು ಅರ್ಧಕ್ಕೆ ನಿಂತಿತ್ತು," ಎಂದಳು. "ಪೂರ್ತಿ ಹೇಳಿ."

"ಎಂತ ಹೇಳೋದು ದೀಪಶ್ರೀ... ಮುಖ ಇಲ್ವಲ್ಲ ಅಂತ ಹಾಕ್ದೆ. ಕೈ ಮೇಲಿನ ಗಾಯ ನೋಡ್ಲಿಲ್ಲ. ತಪ್ಪು ನಂದೇ."

"ನಾನೂ ನೋಡ್ಲಿಲ್ಲ," ಎಂದಳು. "ನಂಗೆ ಅದು ಅಭ್ಯಾಸ ಆಗ್ಬಿಟ್ಟಿತ್ತು."

ಇಬ್ಬರ ಕಣ್ಣಲ್ಲೂ ನೀರು ತುಂಬಿತು. ಅವಳು ದುಪಟ್ಟಾದಿಂದ ಮುಖ ಒರೆಸಿಕೊಂಡಳು.

"ಇನ್ನೊಂದು ಮಾತೂ ಬಾಕಿ ಇದೆ. ಸಾಗರಕ್ಕೆ ಹೋದ್ಮೇಲೆ ಹೇಳಿ ಅಂದಿದ್ದೆ. ಹೋಗಿ, ಕೆಲಸಕ್ಕೆ ಸೇರಿ, ಬಂದಿದೀನಿ."

"ನಿಮ್ಮನ್ನ ಪ್ರೀತಿಸ್ತೀನಿ," ಎಂದುಬಿಟ್ಟ ಪೂರ್ಣೇಶ್ ಒಂದೇ ಉಸಿರಿಗೆ. "ಮೊದಲ್ನೇ ದಿನ ಮುಷ್ಟಿ ಕಟ್ಟಿ ತೋರಿಸಿದ್ರಲ್ಲ, ಆವತ್ತಿಂದ."

"ಈಗ ಮುಷ್ಟಿ ಕಟ್ಟೋಕೆ ಬರಲ್ಲ," ಅವಳು ಬಲಗೈ ಗಾಜಿನ ಮೇಲಿಟ್ಟಳು. ಎರಡು ಬೆರಳು ಮಡಚುತ್ತಿರಲಿಲ್ಲ. ಅವನು ತನ್ನ ಕೈಯನ್ನು ಅದರ ಪಕ್ಕಕ್ಕೆ ತಂದು ತಡೆದ. ಅವಳೇ ಆ ಕೈ ಹಿಡಿದುಕೊಂಡಳು.

ಆಮೇಲೆ ಕೇಳಿದಳು, "ನಂಗೊಂದು ಫೋನ್ ಬೇಕಿತ್ತು."

ಅವನು ಒಂದು ಪುಟ್ಟ ಕೀಪ್ಯಾಡ್ ಸೆಟ್ಟನ್ನೂ ಆ ದೊಡ್ಡ ಫೋನನ್ನೂ ಎದುರಿಗಿಟ್ಟ. "ಚಿಕ್ಕದು ಗಟ್ಟಿ. ದೊಡ್ಡದು ಎಸೆದ್ರೆ ಒಡೆಯತ್ತೆ, ಮೊದ್ಲೇ ಹೇಳ್ತಿದೀನಿ."

"ಒಡೆಯೋದೇ ಕೊಡಿ," ಎಂದಳು ದೀಪಶ್ರೀ. "ಎಸೆಯೋರ ಮನೇಲಿ ನಾನೀಗಿಲ್ಲ."

"ಕೈ ಜಾರಿ ಬಿದ್ರೆ?"

"ಎತ್ಕೊಡೋಕೆ ನೀವಿರ್ತೀರಲ್ಲ."