ಹಲ್ಲಿಲ್ಲದ ಅಜ್ಜಿಗೆ ಮೆತ್ತನೆ ಕೇಕ್

“ಸಕ್ಕರೆ ಒಂದು ಲೋಟ. ನೀರೂ ಅಷ್ಟೇ, ಅದೇ ಲೋಟದಲ್ಲಿ ಅಳಿ. ಉರಿ ಸಣ್ಣ ಮಾಡು. ಅಷ್ಟು ಸಣ್ಣ ಬೇಡ. ಬಗ್ಗಬೇಡ, ಜಡೆ ಹಿಂದೆ ಹಾಕ್ಕೋ.”

“ಅಮ್ಮಾ, ನಾನು ಪಾಕ ಮಾಡ್ಲಾ, ನಿನ್ನ ಮಾತು ಕೇಳ್ಲಾ?” ಎಂದಳು ಗಿರಗಿಟ್ಲೆ.

“ಎರಡೂ ಮಾಡು.”

ಅಮ್ಮ ಅಡುಗೆಮನೆಯ ಬಾಗಿಲಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದಳು. ಕಳೆದ ವಾರ ಮೆಟ್ಟಿಲಲ್ಲಿ ಜಾರಿ ಬಿದ್ದು ಅವಳ ಬಲಗೈ ಮುರಿದಿತ್ತು. ಬೆರಳಿನ ಬುಡದಿಂದ ಮೊಣಕೈ ತನಕ ಪ್ಲಾಸ್ಟರ್.

ಮನೆಯಲ್ಲೇ ಕೇಕ್ ಮಾಡಿ ಕೊಡುವುದು ಅಮ್ಮನ ಕೆಲಸ. ಕೈ ಮುರಿದ ಮೇಲೆ ಬಂದ ಆರ್ಡರ್‌ಗಳಿಗೆಲ್ಲ ಆಗಲ್ಲ ಎಂದಿದ್ದಳು. ಆದರೆ ಕೆಳಗಿನ ಮನೆಯ ಟೈಲರ್ ಅಂಕಲ್ ಮಾತ್ರ ಬಾಗಿಲು ಬಿಟ್ಟು ಕದಲಲಿಲ್ಲ. ಅವರ ತಾಯಿಯ ಹುಟ್ಟಿದ ಹಬ್ಬ.

“ಅಜ್ಜಿ ಬಾಯಲ್ಲಿ ಉಳಿದಿರೋದು ಎರಡೇ ಹಲ್ಲು. ಅವೂ ಒಂದಕ್ಕೊಂದು ಭೇಟಿ ಆಗಲ್ಲ,” ಎಂದಿದ್ದರು ಅಂಕಲ್. “ಹೋದ ವರ್ಷ ಅಂಗಡಿ ಕೇಕ್ ತಂದೆ. ಗಟ್ಟಿ ಅಂತ ತಟ್ಟೆ ಪಕ್ಕಕ್ಕಿಟ್ಟುಬಿಟ್ರು. ಈ ಸಲ ನಿಮ್ಮ ಕೈಯಿಂದ್ಲೇ ಬೇಕಂತೆ.”

“ನಾನು ಮಾಡ್ತೀನಿ ಬಿಡಿ ಅಂಕಲ್,” ಎಂದುಬಿಟ್ಟಿದ್ದಳು ಗಿರಗಿಟ್ಲೆ. ಆರನೇ ಕ್ಲಾಸಿನ ಹಾಜರಿಯಲ್ಲಿ ಅವಳಿಗೆ ಬೇರೆ ಹೆಸರಿತ್ತು. ನಿಂತಲ್ಲಿ ನಿಲ್ಲದ ಅವಳಿಗೆ ಮನೆಯಲ್ಲಿ ಇದೇ ಹೆಸರು.

ಬೆಳಿಗ್ಗೆ ಕೇಕ್ ಚೆನ್ನಾಗಿಯೇ ಉಬ್ಬಿತ್ತು. ಓವನ್‌ನಿಂದ ತೆಗೆಯುವುದು ಮಾತ್ರ ತಡವಾಯಿತು. ಮೇಲೆ ಒತ್ತಿದರೆ ಬೆರಳು ಇಳಿಯುತ್ತಲೇ ಇರಲಿಲ್ಲ. ಇನ್ನು ಅದನ್ನು ಮೆತ್ತಗೆ ಮಾಡಬಲ್ಲದ್ದು ಸಕ್ಕರೆ ಪಾಕ ಒಂದೇ. ಬ್ರಷ್‌ನಿಂದ ಹಚ್ಚಿದಷ್ಟೂ ಕೇಕ್ ಅದನ್ನು ಕುಡಿಯುತ್ತದೆ.

“ತಿರುಗಿಸಿದ್ದು ಸಾಕು, ಚಮಚ ಮೇಲಕ್ಕೆತ್ತು,” ಎಂದಳು ಅಮ್ಮ.

“ಅಮ್ಮಾ, ನೀನು ಹಾಲ್‌ನಲ್ಲಿ ಕೂತ್ಕೋ. ಹೀಗೆ ಹೇಳ್ತಾ ಇದ್ರೆ ನಂಗೆ ಗೊತ್ತಿರೋದೂ ಮರೆತುಹೋಗುತ್ತೆ.”

ಅಮ್ಮ ಎಡಗೈಯಲ್ಲಿ ಸ್ಟೂಲ್ ಎತ್ತಿಕೊಂಡು ಹೊರಗೆ ಹೋದಳು.

“ಕರಗಿದ ತಕ್ಷಣ ಇಳಿಸಿಬಿಡು,” ಎಂಬ ಮಾತು ಹಾಲ್‌ನಿಂದ ಬಂತು.

“ಗೊತ್ತು.”

ಸಕ್ಕರೆ ಬೇಗ ಕರಗಿತು. ಪಾತ್ರೆಯೊಳಗೆ ನೋಡಿದರೆ ಬರೀ ನೀರಿನ ಹಾಗಿತ್ತು. ಇಷ್ಟೇನಾ ಎನಿಸಿತು ಗಿರಗಿಟ್ಲೆಗೆ. ಇನ್ನೂ ದಪ್ಪಗಾದರೆ ಇನ್ನೂ ಚೆನ್ನಾಗಿರುತ್ತದಲ್ಲ? ಅವಳು ಉರಿ ದೊಡ್ಡದು ಮಾಡಿದಳು. ಪಾಕ ಕೊತಕೊತ ಕುದಿಯಿತು. ಅವಳು ಚಮಚ ಹಾಕಿ ತಿರುಗಿಸಿದಳು. ದಪ್ಪವಾದ ಹಾಗೆಲ್ಲ ಖುಷಿಯಾಗಿ ಮತ್ತೆ ಮತ್ತೆ ತಿರುಗಿಸಿದಳು. ಸ್ಟವ್ ಆರಿಸಿದ ಮೇಲೂ ಬೇಗ ಆರಲಿ ಎಂದು ತಿರುಗಿಸುತ್ತಲೇ ಇದ್ದಳು.

ಇದ್ದಕ್ಕಿದ್ದಂತೆ ಚಮಚ ಭಾರವಾಯಿತು. ಪಾಕ ಬೆಳ್ಳಗಾಯಿತು. ನೋಡನೋಡುತ್ತಿದ್ದಂತೆ ಪಾತ್ರೆಯ ತುಂಬ ಒದ್ದೆ ಮರಳಿನಂಥ ಸಕ್ಕರೆ.

“ಏನೇ ಅದು, ಸದ್ದೇ ಇಲ್ಲ?” ಅಮ್ಮ ಕೇಳಿದಳು.

“ಏನಿಲ್ಲ.”

ಎಸೆದು ಮತ್ತೆ ಮಾಡೋಣವೆಂದರೆ ಸಕ್ಕರೆ ಡಬ್ಬಿ ಖಾಲಿ. ಕೇಕ್ ಒಯ್ಯಲು ಅಂಕಲ್ ಇನ್ನೇನು ಬರುತ್ತಾರೆ. ಅಮ್ಮನನ್ನು ಕರೆಯಬಹುದಿತ್ತು. ಈಗ ತಾನೇ ಹೊರಗೆ ಕಳಿಸಿ ಈಗಲೇ ಕರೆಯುವುದು ಹೇಗೆ?

ಗಿರಗಿಟ್ಲೆ ಸೊಂಟದ ಮೇಲೆ ಕೈಯಿಟ್ಟು ಪಾತ್ರೆಯನ್ನೇ ನೋಡಿದಳು. ಸಕ್ಕರೆ ಎಲ್ಲೂ ಹೋಗಿಲ್ಲ, ಇಲ್ಲೇ ಕೂತಿದೆ. ಹಾಗಾದರೆ ಹೋಗಿದ್ದು ಏನು? ನೀರು ತಾನೇ? ಕುದಿದು ಕುದಿದು ಹಬೆಯಾಗಿ ಹೋಯಿತು. ಹೋದದ್ದನ್ನು ವಾಪಸ್ ಕೊಟ್ಟರಾಯಿತು.

ಅವಳು ನೀರು ಸುರಿದಳು. ಸಣ್ಣ ಉರಿ ಇಟ್ಟಳು. ಈ ಸಲ ಕುದಿಯಲು ಬಿಡಲಿಲ್ಲ. ಮರಳು ಮೆಲ್ಲಗೆ ಸಡಿಲವಾಯಿತು, ತೆಳುವಾಯಿತು. ಅಂಚಿಗೆ ಅಂಟಿದ್ದ ಕೊನೆಯ ಹರಳುಗಳೂ ಜಾರಿ ಕರಗಿದವು. ತಳದ ಗೀರುಗಳು ಕಾಣುವಷ್ಟು ತಿಳಿಯಾಗುತ್ತಲೇ ಸ್ಟವ್ ಆರಿಸಿ, ಅಮ್ಮ ಮಾಡುವ ಹಾಗೆ ನಿಂಬೆಹಣ್ಣು ಹಿಂಡಿ, ಪಾತ್ರೆಯನ್ನು ತಣ್ಣೀರಿನ ಬೇಸಿನ್‌ನಲ್ಲಿಟ್ಟಳು.

‘ನೋಡು, ಒಬ್ಬಳೇ ಮಾಡಿದೆ’ ಎನ್ನಲು ಹಾಲ್‌ಗೆ ಓಡಿದವಳು ಬಾಗಿಲಲ್ಲೇ ನಿಂತಳು.

ಅಮ್ಮ ಅಡುಗೆಮನೆಯ ಗೋಡೆಗೆ ಕಿವಿ ಕೊಟ್ಟು ಕೂತಿದ್ದಳು. ಪ್ಲಾಸ್ಟರ್ ಕೈ ತೊಡೆಯ ಮೇಲೆ ಸುಮ್ಮನಿತ್ತು. ಎಡಗೈ ಮಾತ್ರ ಮೊಣಕಾಲಿನ ಮೇಲೆ ಅಂಚಿನಿಂದ ನಡುವಿಗೆ, ಅಂಚಿನಿಂದ ನಡುವಿಗೆ ಮೆಲ್ಲಗೆ ಓಡಾಡುತ್ತಿತ್ತು. ಅಲ್ಲೊಂದು ಕೇಕ್ ಇದೆಯೇನೋ ಎಂಬಂತೆ. ಮಗಳನ್ನು ಕಂಡು ಆ ಕೈ ನಿಂತಿತು.

“ಆಯ್ತಾ?”

“ಆಯ್ತು. ಒಂದ್ಸಲ ಪೂರ್ತಿ ಮರಳಾಗಿಹೋಯ್ತು. ಆಮೇಲೆ ನೀರು ಹಾಕಿ ಸರಿಮಾಡ್ದೆ.”

“ನೀರು ಹಾಕು ಅಂತ ಯಾರು ಹೇಳಿದ್ರು?”

“ಯಾರೂ ಇಲ್ಲ. ಸಕ್ಕರೆ ಅಲ್ಲೇ ಇತ್ತಲ್ಲ ಅಮ್ಮ.”

ಅಮ್ಮ “ಹೂಂ,” ಎಂದಳು. ಎದ್ದು ಬಂದು ಪಾಕವನ್ನು ಪರೀಕ್ಷೆ ಮಾಡಲಿಲ್ಲ.

ಗಿರಗಿಟ್ಲೆ ಒಳಗೆ ಹೋಗಿ ಕೇಕ್, ಪಾಕ, ಬ್ರಷ್ ಎಲ್ಲವನ್ನೂ ಹಾಲ್‌ಗೆ ತಂದಳು. ಬ್ರಷ್ ಅಮ್ಮನ ಎಡಗೈಗೆ ಕೊಟ್ಟಳು.

“ನೀನು ಹಚ್ಚು. ನಾನು ತಟ್ಟೆ ತಿರುಗಿಸ್ತೀನಿ.”

“ಎಡಗೈಲಾ? ಸೊಟ್ಟಪಟ್ಟ ಆಗುತ್ತೆ ಕಣೇ.”

“ಅಜ್ಜಿ ಏನು ಸ್ಕೇಲ್ ಇಟ್ಟು ನೋಡ್ತಾರಾ?”

ಅಮ್ಮ ನಕ್ಕಳು. ಬ್ರಷ್ ಕೇಕಿನ ಮೇಲೆ ಆಚೀಚೆ ಜಾರುತ್ತ ಓಡಿತು. ಪಾಕ ಅಮ್ಮನ ಬೆರಳುಗಳ ಮೇಲೂ ಇಳಿಯಿತು. ಕೇಕ್ ಗುಟುಗುಟು ಕುಡಿಯಿತು. ಸ್ವಲ್ಪ ಹೊತ್ತಿನಲ್ಲಿ ಗಿರಗಿಟ್ಲೆ ಒತ್ತಿ ನೋಡಿದರೆ, ಅವಳ ಬೆರಳಿನಡಿ ಕೇಕ್ ದಿಂಬಿನ ಹಾಗೆ ತಗ್ಗಿ ಮತ್ತೆ ಮೇಲೆದ್ದಿತು.

ಟೈಲರ್ ಅಂಕಲ್ ಬಂದಾಗ ಉಳಿದ ಪಾಕಕ್ಕೆ ತಣ್ಣೀರು, ನಿಂಬೆರಸ ಬೆರೆಸಿ ಅವರಿಗೂ ಒಂದು ಲೋಟ ಕೊಟ್ಟರು.

“ನಮ್ಮನೇಲಿ ಪಾನಕ ಮಾಡಿದ್ರೆ ಸಕ್ಕರೆಯೆಲ್ಲ ತಳದಲ್ಲೇ ಇರುತ್ತೆ,” ಎಂದು ಅಂಕಲ್ ಲೋಟ ಬಗ್ಗಿಸಿ ನೋಡಿದರು. ಕೇಕ್ ಡಬ್ಬಿ ಎತ್ತಿಕೊಂಡು ಕೇಳಿದರು, “ಅಜ್ಜಿ ಕೇಳ್ತಾರೆ, ಯಾರು ಮಾಡಿದ್ದು ಅನ್ಲಿ?”

“ಇಬ್ರೂ ಅನ್ನಿ,” ಎಂದಳು ಗಿರಗಿಟ್ಲೆ.

ಅವರು ಹೋದ ಮೇಲೆ ಅಮ್ಮ ನಲ್ಲಿಯ ಹತ್ತಿರ ನಿಂತಿದ್ದಳು. ಅಂಟಂಟಾದ ಎಡಗೈಯನ್ನು ನೀರಿಗೆ ಹಿಡಿದು, ಹೆಬ್ಬೆರಳಿನಿಂದ ಉಳಿದ ಬೆರಳುಗಳನ್ನು ಹೇಗೋ ಉಜ್ಜುತ್ತಿದ್ದಳು. ಒಂದೇ ಕೈ ತನ್ನನ್ನು ತಾನೇ ಎಷ್ಟು ತೊಳೆದುಕೊಂಡೀತು? ವಾರದಿಂದ ಅಮ್ಮ ಹೀಗೇ ತೊಳೆದುಕೊಳ್ಳುತ್ತಿರಬೇಕು.

ಗಿರಗಿಟ್ಲೆ ಸೋಪು ತೆಗೆದುಕೊಂಡಳು. ಅಮ್ಮನ ಕೈಯನ್ನು ತನ್ನೆರಡು ಕೈಗಳ ನಡುವೆ ಹಿಡಿದು, ಒಂದೊಂದೇ ಬೆರಳನ್ನು ನಿಧಾನವಾಗಿ ತೊಳೆದಳು.

ಅಮ್ಮ ಹೀಗೆ ಮಾಡು, ಹಾಗೆ ಮಾಡು ಎನ್ನಲಿಲ್ಲ. ಕೈಯನ್ನು ಅವಳಿಗೆ ಬಿಟ್ಟುಕೊಟ್ಟು ನಿಂತಿದ್ದಳು.