ಐದು ಮೂಲೆಯ ಮನೆ

"ಟೀಚರ್, ಇದು ಕಬಡ್ಡಿ ಅಂಗಳ ಅದ. ರದ್ದಿ ಅಂಗಡಿ ಅಲ್ಲ."

ಭೀಮು ಸರ್ ನನಗೆ ಹೇಳಿದ ಮೊದಲ ಮಾತು ಇದು. ಇದಕ್ಕಿಂತ ಚಂದದ ಮಾತಿನಿಂದ ಶುರುವಾಗುವ ಪ್ರೀತಿಗಳು ಬೇಕಾದಷ್ಟಿರಬಹುದು, ನನ್ನ ಹಣೆಯಲ್ಲಿ ಬರೆದದ್ದು ಇಷ್ಟೇ.

ನವಿ ಮುಂಬಯಿಯ ಐರೋಲಿಯಲ್ಲಿರುವ ನಮ್ಮ ಕನ್ನಡ ಶಾಲೆಗೆ ಅವರು ಪಿ.ಟಿ. ಮಾಸ್ತರರು, ನಾನು ಹೊಸದಾಗಿ ಬಂದ ಗಣಿತದ ಟೀಚರ್ ಪ್ರೇಕ್ಷಾ. ಅವರು ಬೆಳಿಗ್ಗೆ ಸುಣ್ಣದಲ್ಲಿ ಎಳೆದ ಗೆರೆಗಳ ನಡುವೆ ನಾನು ಏಳನೇ ಕ್ಲಾಸಿನ ಮಕ್ಕಳಿಂದ ಹಳೆಯ ಪೇಪರ್ ಹಾಸಿಸಿದ್ದೆ. ಹಾಳೆಗಳನ್ನು ಅಂಟಿಸಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಮಾಡುವುದು. ನೆಲಕ್ಕೆ ಎಷ್ಟು ಚೌಕ ಹಿಡಿಯಿತೋ ಅಷ್ಟು ಅದರ ವಿಸ್ತೀರ್ಣ. ಸೂತ್ರವನ್ನು ಗಿಳಿಪಾಠ ಒಪ್ಪಿಸುತ್ತಿದ್ದ ಆ ಮಕ್ಕಳಿಗೆ ವಿಸ್ತೀರ್ಣ ಅಂದರೆ ಕಾಲ ಕೆಳಗಿನ ನೆಲ ಎಂದೇ ಗೊತ್ತಿರಲಿಲ್ಲ.

"ಗಾಳಿಗಿ ಹಾರಿ ಹೋಗ್ತಾವ್ರಿ," ಅಂದರು.

"ಹಾಗಾದ್ರೆ ನಿಂತು ನೋಡುದೆಂತ ಮಾರಾಯ್ರೆ? ಒಂದು ಮೂಲೆ ಹಿಡೀರಿ."

ಮಂಡಿಯೂರಿ ಹಿಡಿದರು. ಹಿಡಿದವರು ತಲೆಯೆತ್ತಿ ನನ್ನನ್ನು ನೋಡಿ, ನಕ್ಕರೆ ಎಲ್ಲಿ ತಪ್ಪಾದೀತೋ ಎಂದು ತುಟಿ ಕಚ್ಚಿಕೊಂಡರು. ಅಷ್ಟಕ್ಕೇ ಎಣಿಸುತ್ತಿದ್ದ ಲೆಕ್ಕ ನನಗೆ ತಪ್ಪಿಹೋಯಿತು.

ಆಮೇಲೆ ನನ್ನ ಕ್ಲಾಸಿಗೆ ಬೇಕಾದ ರಟ್ಟಿನ ತ್ರಿಕೋನಗಳನ್ನೆಲ್ಲ ಅವರೇ ಕತ್ತರಿಸಿ ಕೊಡತೊಡಗಿದರು. ಒಂದೇ ಅಳತೆಯ ಎರಡು ತ್ರಿಕೋನ ಜೋಡಿಸಿದರೆ ಸಮಾಂತರ ಚತುರ್ಭುಜವಾಗುತ್ತದೆ ಎಂದು ನಾನು ಮಕ್ಕಳಿಗೆ ತೋರಿಸುವಾಗ ಬಾಗಿಲಲ್ಲಿ ನಿಂತಿರುತ್ತಿದ್ದರು. ನಾನು ತಿರುಗಿದ ಕೂಡಲೇ ತಲೆ ತಗ್ಗಿಸಿ ಕೊರಳಿನ ಸೀಟಿ ಒರೆಸುವುದು. ಎರಡು ವರ್ಷ ಆ ಸೀಟಿ ಸವೆಯಿತೇ ಹೊರತು ಬಾಯಿಂದ ಒಂದು ಮಾತು ಬರಲಿಲ್ಲ.

ಶಾಲೆಯ ಹಿಂದೆ, ಗುಡ್ಡದ ಬುಡದ ಜೋಪಡಿಗಳ ವಸತಿಯಲ್ಲಿ ಅವರ ಮನೆ. ನಮ್ಮ ಅರ್ಧ ಮಕ್ಕಳು ಅಲ್ಲಿಂದಲೇ ಬರುವವರು. "ಒಂದು ದಿನ ಕರ್ಕೊಂಡು ಹೋಗಿ," ಅಂದರೆ "ಭಾಳ ದೂರ ಅದ್ರಿ" ಅನ್ನುತ್ತಿದ್ದರು. ನನ್ನ ಕ್ಲಾಸಿನ ಕಿಟಕಿಯಿಂದ ಅಲ್ಲಿಯ ತಗಡಿನ ಮಾಡುಗಳು ಕಾಣುತ್ತಿದ್ದವು!

ಹೀಗಿರುವಾಗ ಅಪ್ಪ ಒಂದು ಸಂಬಂಧ ನೋಡಿದರು. ಅಪ್ಪ ದೇಜಪ್ಪ, ಠಾಣೆಯಲ್ಲಿ ಹೋಟೆಲು ಇಟ್ಟವರು. ಡೊಂಬಿವ್ಲಿಯಲ್ಲಿ ನಮ್ಮ ಫ್ಲ್ಯಾಟು. ಹುಡುಗ ಯೋಗೀಶ್, ಮಹಾಪೆಯ ಐಟಿ ಕಂಪನಿಯಲ್ಲಿ ಕೆಲಸ. ಭಾನುವಾರ ನನ್ನನ್ನು ನೋಡಲು ಬರುವುದೆಂದು ನಿಕ್ಕಿಯಾಯಿತು. ಮರುದಿನ ಸ್ಟಾಫ್ ರೂಮಿನಲ್ಲಿ ಭೀಮು ಸರ್ ಹತ್ತಿರ ಆ ಸುದ್ದಿ ಹೇಳಿ, ನಾಚಿಕೆ ಬಿಟ್ಟು ನಾನೇ ಕೇಳಿದೆ.

"ನಿಮಗೆ ಎಂತದಾದ್ರೂ ಹೇಳ್ಲಿಕ್ಕೆ ಉಂಟಾ?"

"ಛಲೋ ಸಂಬಂಧ ಅದಲ್ರೀ."

"ಮತ್ತೆ?"

"ಮತ್ತೇನ್ರೀ... ಕಂಗ್ರಾಟ್ಸ್."

ಕಂಗ್ರಾಟ್ಸ್ ಅಂತೆ, ಮಣ್ಣಾಂಗಟ್ಟಿ! ಠಾಣೆಯವರೆಗೆ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಮುಖ ಕಿಟಕಿಗೆ ತಿರುಗಿಸಿ ಅತ್ತೆ. ಅವರ ಕಣ್ಣು ಹೇಳಿದ್ದೆಲ್ಲ ನಾನೇ ಕಟ್ಟಿಕೊಂಡ ಕತೆಯೇ ಎಂದು ನನ್ನನ್ನೇ ಬೈದುಕೊಂಡೆ.

ಮರುದಿನ ಬಹುಭುಜಗಳ ಪಾಠ. ಆಕಾರ ಎಷ್ಟೇ ಸೊಟ್ಟಗಿದ್ದರೂ ಗೆರೆ ಎಳೆದು ತ್ರಿಕೋನಗಳಾಗಿ ಒಡೆದರೆ ಲೆಕ್ಕ ಸಿಗುತ್ತದೆ ಎಂದೆ. ಭೀಮು ಸರ್ ಮನೆಯಲ್ಲೇ ಇದ್ದು ಓದುತ್ತಿದ್ದ ಅವರ ಅಕ್ಕನ ಮಗಳು ಕಾಂಚನಾ ಕೈಯೆತ್ತಿದಳು.

"ಟೀಚರ್, ಹಮಾರಾ ಘರ್ ಭೀ ಟೇಢಾ ಹೈ. ನಮ್ಮ ಮನೀನೂ ಸೊಟ್ಟ, ಐದು ಮೂಲೆ ಅದ."

"ಹೌದಾ? ಹಾಗಾದ್ರೆ ಎಲ್ಲರೂ ಪೇಪರ್ ತಕೊಂಡು ಹೋಗಿ, ಅವರವರ ಮನೆ ಅಳೆದು ಬನ್ನಿ."

ವಸತಿಯಲ್ಲಿ ಆಗ ಏನು ನಡೆದಿದೆಯೆಂದು ನನಗೆ ಒಬ್ಬರೂ ಹೇಳಿರಲಿಲ್ಲ. ಬಿಲ್ಡರನ ಜನ ಮೋಜಣಿಗೆಂದು, ಅಂದರೆ ಮನೆಗಳನ್ನು ಅಳೆಯಲು, ಬಂದು ಹೋಗಿದ್ದರು. ಅಳತೆ ಕೊಟ್ಟರೆ ಮನೆ ಬಿಡಲು ಒಪ್ಪಿದಂತೆ ಎಂದು ಗಲ್ಲಿಯವರ ಭಯ. ಹೊರಗಿನ ಯಾರಿಗೂ ಅಳೆಯಲು ಬಿಡುವುದಿಲ್ಲವೆಂದು ಎಲ್ಲರೂ ದೇವರ ಮೇಲೆ ಆಣೆ ಇಟ್ಟಿದ್ದರು. ಅಂಥ ಗಲ್ಲಿಯಲ್ಲಿ ಮಕ್ಕಳು ಪೇಪರ್ ಹಾಸಿ, ಮನೆಮನೆಯ ಅಳತೆಯನ್ನು ಜೋರಾಗಿ ಕೂಗಿ ಹೇಳಿದ್ದರು.

ಶನಿವಾರ ಬೆಳಿಗ್ಗೆ ಗಲ್ಲಿಗೆ ಗಲ್ಲಿಯೇ ಹೆಡ್‌ಮಾಸ್ತರ ಪುಂಡರೀಕಾಕ್ಷ ಸರ್ ಕೋಣೆಗೆ ನುಗ್ಗಿತು. ಗಲ್ಲಿಯ ಹಿರಿಯ ಹುಲಗಪ್ಪ ಪೇಪರ್ ಚೌಕಗಳನ್ನು ಮೇಜಿನ ಮೇಲೆ ಬಿಸಾಕಿದ.

"ಯಾರ ಹೇಳ್ಯಾರ ಅಳೀರಿ ಅಂತ? ಯಾವ ಬಿಲ್ಡರನ ಕಡೆಯವರು ನೀವು?"

ನಾನು ಬಾಯಿ ತೆರೆಯುವಷ್ಟರಲ್ಲಿ ಭೀಮು ಸರ್ ಅಡ್ಡ ಬಂದು ನಿಂತರು.

"ನಾನೇ ಹೇಳೀನಿ ಕಾಕಾ. ಟೀಚರ್‌ದೇನೂ ಇದ್ರಾಗ ಇಲ್ಲ."

"ಥೂ! ನಮ್ಮ ಗಲ್ಲ್ಯಾಗ ಬೆಳದು ನಮಗೇ ಮನಿಮುರುಕ ಆದ್ಯಲ್ಲೋ! ಇನ್ನ ನಿಮ್ಮ ಮನಿ ಜೋಡಿ ಮಾತು ಬಂದ್, ನೀರು ಬಂದ್."

"ಸುಳ್ಳು! ಮಕ್ಕಳಿಗೆ ಹೇಳಿದ್ದು ನಾನು!" ಎಂದು ನಾನು ಕಿರುಚಿದೆ. ಆ ಗದ್ದಲದಲ್ಲಿ ಕೇಳುವವರು ಯಾರು? ಹೆಂಗಸರ ನಡುವಿನಿಂದ ಒಬ್ಬಾಕೆ ಮಾತ್ರ ನನ್ನನ್ನು ದಿಟ್ಟಿಸಿ ನೋಡಿ, ಸೆರಗು ಬಾಯಿಗೊತ್ತಿ ಹೊರಟುಹೋದರು. ಅವರೇ ಚಂದ್ರಬಾಯಿ, ಭೀಮು ಸರ್ ತಾಯಿ. ಭೀಮು ಸರ್ ಅವರ ಹಿಂದೆ ಓಡಿದರು, ನಾನು ಇಬ್ಬರ ಹಿಂದೆ ಓಡಿದೆ.

ಅವರ ಮನೆಯ ಹಿಂದಿನ ಮೋರಿಗೆ ತಾಗಿ ಗೋಡೆ ಓರೆಯಾಗಿತ್ತು. ಹಾಗಾಗಿ ಮನೆಗೆ ಐದು ಮೂಲೆ. ಒಂದರಲ್ಲಿ ಸ್ಟೋವು, ಒಂದರಲ್ಲಿ ಟ್ರಂಕು, ಒಂದರಲ್ಲಿ ಬಿಕ್ಕುತ್ತಿದ್ದ ಕಾಂಚನಾ. ನನ್ನನ್ನು ಹೊಸ್ತಿಲಲ್ಲಿ ಕಂಡು ಭೀಮು ಸರ್ ಮುಖ ಕಪ್ಪಿಟ್ಟಿತು.

"ಅಮ್ಮಾ, ಅಳೀಲಿಕ್ಕೆ ಹೇಳಿದ್ದು ನಾನು. ಇವರಿಗೆ ಗೊತ್ತೇ ಇರ್ಲಿಲ್ಲ," ಎಂದೆ.

"ಅವನ ಸುಳ್ಳು ನಂಗ ತಿಳೀದೇನು? ಹಡದಾಕಿ ನಾ," ಅಂದರು ಚಂದ್ರಬಾಯಿ. "ಯಾರ ಸಲುವಾಗಿ ಹೇಳ್ಯಾನ, ಅದೂ ತಿಳೀತದ. ಇರ್ಲಿ. ನಮ್ಮ ಮನಿ ಎಷ್ಟ ಬಂತು?"

"ಎಂಟೂವರೆ ಚದರ ಮೀಟರ್," ಎಂದಳು ಕಾಂಚನಾ.

"ಇದರಾಗ ನಾನು, ಇವ, ಈ ಪೋರಿ. ಹೇಳವ್ವ ತಂಗಿ, ನೀ ಎಲ್ಲಿ ಮಲಗ್ತಿ?"

ನಾನು ಐದೂ ಮೂಲೆಗಳ ಕಡೆ ಕಣ್ಣಾಡಿಸಿದೆ. ಅಷ್ಟರಲ್ಲಿ ಭೀಮು ಸರ್ ನಡುವೆ ಬಾಯಿ ಹಾಕಿದರು.

"ಯವ್ವಾ, ಸುಮ್ಮನಿರು. ಅವರು ಇಲ್ಲಿಗಿ ಬರೂ ಮಂದಿ ಅಲ್ಲ. ನಾಳಿಗಿ ಅವರಿಗಿ ನೋಡಲಾಕ ಬರ್ತಾರ."

ನನ್ನ ಸಿಟ್ಟು ನೆತ್ತಿಗೇರಿತು.

"ನಿಮ್ಮನ್ನು ಯಾರು ಕೇಳಿದ್ರು? ಮಾಡದ ತಪ್ಪನ್ನು ಇಡೀ ಗಲ್ಲಿಯೆದುರು ಒಪ್ಪಿಕೊಳ್ಳಿಕ್ಕೆ ಧೈರ್ಯ ಉಂಟು. ಮನಸ್ಸಲ್ಲಿ ಇದ್ದದ್ದನ್ನು ನನ್ನೊಬ್ಬಳ ಹತ್ರ ಹೇಳ್ಲಿಕ್ಕೆ ಇಲ್ವಾ? ಇಲ್ಲ ಅಂತಾದ್ರೆ ಇಲ್ಲ ಅನ್ನಿ, ನಾನು ಈಗಲೇ ಹೋಗ್ತೇನೆ!"

ಅವರು ಸೀಟಿಗೆ ಕೈ ಹಾಕಲಿಲ್ಲ. ತಲೆಯೆತ್ತಿ ನೋಡಿದರು. ಕಣ್ಣು ತುಂಬಿತ್ತು.

"ಅದ್ರಿ. ನಿಮ್ಮ ಮ್ಯಾಲ ಜೀವ ಇಟ್ಟೀನಿ. ಹೇಳಿದ್ರ ನೀವು ಹೂಂ ಅಂತಿದ್ರಿ. ಅದಕ್ಕೇ ಅಂಜಿದೆ. ನಿಮ್ಮನ್ನ ತಂದು ಈ ಮೂಲ್ಯಾಗ ಕೂಡಿಸಿ, ಆಮ್ಯಾಲ ನಾ ಹ್ಯಾಂಗ ನಿಮ್ಮ ಮಾರಿ ನೋಡ್ಲಿ?"

ಕೇಳಬೇಕೆಂದು ಹಂಬಲಿಸಿದ ಮಾತು ಇಷ್ಟು ನೋವಿನಿಂದ ಬಂದೀತೆಂದು ನಾನು ಎಣಿಸಿರಲಿಲ್ಲ. ನಾನೂ ಅತ್ತೆ. ಅಳುತ್ತಲೇ ಚಂದ್ರಬಾಯಿಯವರ ಎದುರು ನೆಲದ ಮೇಲೆ ಕುಳಿತೆ.

"ಆ ಓರೆ ಗೋಡೆಯ ಬುಡದಲ್ಲಿ ಮಲಗ್ತೇನೆ ಅಮ್ಮಾ. ನಾನು ಕುಳ್ಳಿ, ಹೆಚ್ಚು ಜಾಗ ಬೇಡ. ಅಪ್ಪನ ಹತ್ರ ಇವತ್ತೇ ಹೇಳ್ತೇನೆ. ಅವರು ಮನೆಯಿಂದ ಹೊರಗೆ ಹಾಕ್ಲಿಕ್ಕೂ ಸಾಕು."

"ಹಾಕಿದ್ರ?"

"ಹಾಕಿದ್ರೆ ಇಲ್ಲಿಗೇ ಬರ್ತೇನೆ."

ಚಂದ್ರಬಾಯಿ ತಮ್ಮ ಸೆರಗಿನಿಂದ ನನ್ನ ಕಣ್ಣು ಒರೆಸಿದರು. ಹೊರಗೆ ಗದ್ದಲ ಹತ್ತಿರವಾಗುತ್ತಿತ್ತು. ಹುಲಗಪ್ಪ ಗಲ್ಲಿಯವರನ್ನು ಕಟ್ಟಿಕೊಂಡು ಬಾಗಿಲಿಗೇ ಬಂದಿದ್ದ. ಚಂದ್ರಬಾಯಿ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊಸ್ತಿಲಲ್ಲಿ ನಿಂತರು.

"ಹುಲಗಪ್ಪಾ, ಆಣಿ ಏನಂತ ಇಟ್ಟೀವಿ? ಹೊರಗಿನವರಿಗಿ ಅಳೀಲಾಕ ಬಿಡಬಾರದಂತ ಹೌದಲ್ಲೋ?"

"ಹೌದು, ಮತ್ತ?"

"ಹೊರಗಿನವರು ಯಾರೂ ಅಳದಿಲ್ಲ. ಮಕ್ಕಳಿಗಿ ಲೆಕ್ಕ ಕಲಿಸಿದಾಕಿ ನನ್ನ ಸೊಸಿ."

ಎರಡೂ ಕೈಯಿಂದ ಚೌಕಟ್ಟು ಹಿಡಿದು ನಿಂತರು, ಬಾಗಿಲು ಬಿಟ್ಟು ಅವರು ಕದಲಲಿಲ್ಲ.