ಅರಗಿನ ತಟ್ಟೆಯೊಳಗಿನ ಅಣ್ಣ

ಬಹಳ ಬಹಳ ಹಿಂದೆ, ಕಡಲಿನ ನಟ್ಟನಡುವೆ ತೆಂಗಿನನಾಡು ಅಂತ ಒಂದು ರಾಜ್ಯವಿತ್ತು. ಅಲ್ಲಿ ಗಿಟಾರನ್ನು ಎದೆಗೆ ಆನಿಸಿ ನುಡಿಸುವವರೇ ಇರಲಿಲ್ಲ. ಕೂಸಿನ ಹಾಗೆ ತೊಡೆಯ ಮೇಲೆ ಮಲಗಿಸಿ, ಬಲಗೈಯಲ್ಲಿ ಮೀಟಿ, ಎಡಗೈಯಲ್ಲಿ ತಂತಿಯ ಮೇಲೆ ಉಕ್ಕಿನ ಕಡ್ಡಿ ಜಾರಿಸುತ್ತಿದ್ದರು. ಒತ್ತಿದರೆ ಕೆಟ್ಟಿತು; ತಾಗಿಯೂ ತಾಗದ ಹಾಗೆ ಜಾರಿಸಬೇಕು. ಆಗ ನೋಡಿ, ತಂತಿ ಮನುಷ್ಯರ ಹಾಗೆಯೇ ಕೊರಳೆತ್ತಿ ಹಾಡುತ್ತಿತ್ತು.

ಆ ನಾಡಿನಲ್ಲಿ ಶಂಕಣ್ಣ ಅಂತ ಒಬ್ಬ ವಾದ್ಯಗಾರ, ಅವನಿಗೆ ಹವಳಿ ಅಂತ ತಂಗಿ. ತಾಯಿತಂದೆ ಇಲ್ಲದ ಮಕ್ಕಳು, ಒಬ್ಬರಿಗೊಬ್ಬರೇ ದಿಕ್ಕು. ಶಂಕಣ್ಣನಿಗೆ ಒಂದು ಚಾಳಿ. ಹಾಡಿನ ಕೊನೆಯ ಸ್ವರ ನುಡಿಸುತ್ತಲೇ ಇರಲಿಲ್ಲ! ಚಿಕ್ಕಂದಿನಲ್ಲಿ ಹವಳಿ "ಕೊನೇದು ನಾನೇ ಹಾಡ್ಬೇಕು" ಅಂತ ರಂಪ ಮಾಡುತ್ತಿದ್ದಳು. ಅವಳಿಗೆ ಬಿಟ್ಟುಕೊಟ್ಟು ಬಿಟ್ಟುಕೊಟ್ಟು ಅವನ ಕೈಗೆ ಅದೇ ರೂಢಿಯಾಯಿತು. ಅರಮನೆಯಲ್ಲೂ ಹಾಗೇ ನಿಲ್ಲಿಸಿ ನಗೆಪಾಟಲಾದ. "ಮುಗಿಸೋಕೆ ಬರಲ್ವೇನೋ ಅಣ್ಣಾ? ಮಾನ ಕಳೀತೀಯಲ್ಲ!" ಅಂತ ಹವಳಿ ಬೈದಳು. ಬೈದ ಮಾರನೆಯ ದಿನವೇ ಅವನು ಕಾಣೆಯಾದ.

ಹೊತ್ತೊಯ್ದವನು ಗೊಗ್ಗಯ್ಯನೆಂಬ ಮಾಂತ್ರಿಕ. ಒಳ್ಳೆಯ ವಾದ್ಯಗಾರರನ್ನು ಹಿಡಿದು, ತಿರುಗಿಸಿದರೆ ಹಾಡುವ ಕರಿ ಅರಗಿನ ತಟ್ಟೆಗಳೊಳಗೆ ಕೂಡಿಹಾಕುವುದು ಅವನ ಕೆಲಸ. ಹವಳಿ ಸುಮ್ಮನೆ ಕೂರುವವಳೇ? ದೋಣಿ ಹತ್ತಿ ಅವನ ಕಲ್ಲುಕೋಟೆಗೆ ಹೋಗಿ ನಿಂತಳು.

"ನನ್ನ ಅಣ್ಣನ್ನ ಬಿಡು!"

ಗೊಗ್ಗಯ್ಯ ನಕ್ಕ. "ಬಿಡೋಣವಂತೆ. ಇಗೋ ಮೂರು ತಟ್ಟೆ. ಒಂದರಲ್ಲಿ ನಿನ್ನಣ್ಣ ಇದ್ದಾನೆ, ಗುರುತಿಸಿ ಕರೆದರೆ ಬರ್ತಾನೆ. ಒಂದೊಂದು ಕೇಳಿದಾಗಲೂ ನೀನು ಅಷ್ಟಷ್ಟು ಅರಗಾಗ್ತೀಯ. ತಪ್ಪು ತಟ್ಟೆಯನ್ನ ಅಣ್ಣ ಅಂತ ಕರೆದೆಯೋ, ನೀನೂ ಒಂದು ತಟ್ಟೆ. ಕೇಳೋರಿಗೆ ಎಲ್ಲಾ ತಂತಿಯೂ ಒಂದೇ ಕಣೇ ಹುಡುಗಿ!"

ಸೂಜಿಯಂಥ ಕೊಕ್ಕಿನ ಹದ್ದೊಂದು ಹಾರಿಬಂದು ಮೊದಲ ತಟ್ಟೆಗೆ ಕೊಕ್ಕಿಟ್ಟಿತು. ತಟ್ಟೆ ತಿರುಗಿತು. ಅಬ್ಬಾ, ಅದೇನು ಓಟ! ತಾಳ ಜೋಕಾಲಿ ಆಡಿತು, ತಂತಿ ಕಿಲಕಿಲ ನಕ್ಕಿತು, ಕೋಟೆಯ ಇಲಿಗಳೂ ಕುಣಿದವು. ಹವಳಿಗೂ ಕುಣಿಯಬೇಕೆನಿಸಿತು. ನೋಡಿದರೆ ಮೊಣಕಾಲಿನವರೆಗೆ ಅರಗು! ಆದರೆ ಹಾಡು ಕೊನೆಯ ಸ್ವರದವರೆಗೂ ಓಡಿ ಮುಗಿಯಿತು.

"ಇವನು ಮಹಾ ವಾದ್ಯಗಾರ. ನನ್ನಣ್ಣ ಅಲ್ಲ," ಅಂದಳು.

ಹದ್ದು ಎರಡನೆಯ ತಟ್ಟೆಗೆ ಕೊಕ್ಕಿಟ್ಟಿತು. ಉಕ್ಕಿನ ಕಡ್ಡಿ ಮೆಲ್ಲಗೆ ನಡುಗುತ್ತಾ ಜಾರಿತು. ತಾಯಿ ಸತ್ತ ದಿನ ಶಂಕಣ್ಣ ನುಡಿಸಿದ ಹಾಡು ಅದು. ಹವಳಿಗೆ ಕಣ್ಣು ತುಂಬಿ ಬಂತು. ಅರಗು ಸೊಂಟ ಹತ್ತಿತು. "ಅಣ್..." ಅಂದೇಬಿಟ್ಟಿದ್ದಳು, ಅಷ್ಟರಲ್ಲಿ ಕೊನೆಯ ಸ್ವರವೂ ಕೇಳಿಸಿತು. ತುಟಿ ಕಚ್ಚಿಕೊಂಡಳು.

"ಅಲ್ಲ. ಇವನೂ ದೊಡ್ಡವನೇ. ಆದರೆ ಬೇರೆ ಕೈ."

ಗೊಗ್ಗಯ್ಯನ ಮುಖ ಕಪ್ಪಿಟ್ಟಿತು. "ಮೂರನೇದು ಒಡಕು ತಟ್ಟೆ, ಕೇಳಿ ಏನು ಮಾಡ್ತೀಯ? ಕೊನೇಲಿ ನಿಂತೇ ಹೋಗುತ್ತೆ," ಅಂದ.

ಹವಳಿ ಥಟ್ಟನೆ ತಲೆಯೆತ್ತಿದಳು.

"ಅದನ್ನೇ ಹಾಕು."

ಮೂರನೆಯ ತಟ್ಟೆ ತಿರುಗಿತು. ಅದೇ ಹಾಡು. ಅರಗು ಎದೆಗೆ ಬಂತು, ಹೆಗಲಿಗೆ ಬಂತು, ಕತ್ತಿಗೆ ಬಂತು. ತಂತಿ ಏರಿತು, ಇಳಿಯಿತು, ಕೊನೆಯ ಸ್ವರದ ಹೊಸ್ತಿಲವರೆಗೂ ಜಾರಿ ಬಂದು ನಿಂತಿತು. ಸದ್ದಿಲ್ಲ. ಅಣ್ಣ ಕಾಯುತ್ತಿದ್ದ!

ಹವಳಿ ಬಾಯಿ ತೆರೆದಳು. ಗಂಟಲು ಗಟ್ಟಿಯಾಗಿತ್ತು, ಸ್ವರ ಹೊರಡಲಿಲ್ಲ. ಗೊಗ್ಗಯ್ಯ ಚಪ್ಪಾಳೆ ತಟ್ಟಿದ. ಒತ್ತಿದರೆ ಕೆಟ್ಟಿತು ಅಂತ ಅಣ್ಣ ಹೇಳುತ್ತಿದ್ದುದು ಅವಳಿಗೆ ಆಗ ನೆನಪಾಯಿತು. ಕಿರುಚುವುದನ್ನು ಬಿಟ್ಟು, ಉಸಿರನ್ನು ಮೆಲ್ಲಗೆ ಜಾರಿಸಿದಳು. ನೂಲಿನೆಳೆಯಷ್ಟು ಸಣ್ಣಗೆ ಕೊನೆಯ ಸ್ವರ ಹೊರಬಂತು.

ತಟ್ಟೆ ಚಟ್ಟೆಂದು ಒಡೆಯಿತು. ತೊಡೆಯ ಮೇಲೆ ಗಿಟಾರು ಇಟ್ಟುಕೊಂಡು ಶಂಕಣ್ಣ ಕೂತಿದ್ದ. "ಎಷ್ಟು ಹೊತ್ತು ಮಾಡ್ದೆ ತಂಗೀ!" ಅಂದ. ಹವಳಿಯ ಮೈಮೇಲಿನ ಅರಗು ಉದುರಿತು. ಗೊಗ್ಗಯ್ಯ ಒಲೆಗೆ ಹಾಕಿದ ಅರಗಿನ ಹಾಗೆ ಕರಗಿ ನೆಲಕ್ಕೆ ಹರಿದುಹೋದ.

ಉಳಿದ ತಟ್ಟೆಗಳನ್ನೆಲ್ಲ ಅಣ್ಣತಂಗಿ ದೋಣಿಯಲ್ಲಿ ಊರಿಗೆ ತಂದರು. ಹದ್ದು ಜೊತೆಗೇ ಬಂದು ಒಂದೊಂದನ್ನೂ ನುಡಿಸಿತು. ಹೆಂಡತಿ ಗಂಡನ ಕೈಯನ್ನು ಗುರುತಿಸಿದಳು, ತಾಯಿ ಮಗನ ಕೈಯನ್ನು ಗುರುತಿಸಿದಳು. ಹೆಸರು ಹಿಡಿದು ಕರೆದ ಹಾಗೆಲ್ಲ ತಟ್ಟೆ ಒಡೆದು ಒಬ್ಬೊಬ್ಬರೇ ಎದ್ದು ಬಂದರು.

ಅರಮನೆಯಲ್ಲಿ ಹಬ್ಬವಾಯಿತು. ಶಂಕಣ್ಣ ಕಡ್ಡಿ ಕೈಗೆತ್ತಿಕೊಂಡು, "ಇವತ್ತು ಕೊನೇದನ್ನ ನಾನೇ ನುಡಿಸ್ಲೇನೇ?" ಅಂತ ಕೇಳಿದ.

"ನುಡಿಸಿ ನೋಡು, ಕೈ ಮುರೀತೀನಿ!" ಅಂದಳು ಹವಳಿ.

ಅವನು ನಿಲ್ಲಿಸಿದ, ಅವಳು ಹಾಡಿದಳು. ಆ ನಾಡು ತಣ್ಣಗಿತ್ತು. ಕೇಳಿದ ನಮ್ಮ ಮನೆಯೂ ತಣ್ಣಗಿರಲಿ.